ಹಳೇ ಗೇಮುಗಳ ಬಾಯಿ ಬಿಡಿಸುವ ಸೂತ್ರಗಳು

ಸ್ಕ್ರೀನ್ ರೀಡರ್ ಪರದೆಯನ್ನು ನೋಡಿ ಓದುತ್ತದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ನೋಡುವುದೇ ಇಲ್ಲ. ‘ಇಲ್ಲಿ ಏನಿದೆ?’ ಎಂದು ವಿಂಡೋಸನ್ನೂ ತಂತ್ರಾಂಶವನ್ನೂ ಕೇಳುತ್ತದೆ, ಬಂದ ಉತ್ತರವನ್ನು ನಮ್ಮ ಕಿವಿಗೆ ಹಾಕುತ್ತದೆ. ಉತ್ತರ ಬಾರದಿದ್ದರೆ ಸುಮ್ಮನಾಗುತ್ತದೆ. ಮೂವತ್ತು ವರ್ಷ ಹಿಂದಿನ ಗೇಮು ತೆರೆದೊಡನೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮೌನ ವ್ರತ ಹಿಡಿದರೆ ಕಂಪ್ಯೂಟರ್ ಕೆಟ್ಟಿತೆಂದು ಗಾಬರಿ ಬೀಳಬೇಡಿ. ಕೇಳಿದ ಪ್ರಶ್ನೆ ಆ ಗೇಮಿಗೆ ತಲುಪಿಲ್ಲ, ಅಷ್ಟೆ.

ಕಣ್ಣು ಕಾಣದವರಿಗೆ ಹಳೆಯ ಗೇಮುಗಳ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಹಳೆಯದರಲ್ಲೇ ನಮಗೆ ಜಾಗ ಹೆಚ್ಚು ಎಂಬುದು ನನ್ನ ಉತ್ತರ. ಗ್ರಾಫಿಕ್ಸ್ ದುಬಾರಿಯಾಗಿದ್ದ ಕಾಲದಲ್ಲಿ ಬರೀ ಮಾತಿನಲ್ಲೇ ಗುಹೆ, ಕೋಟೆ, ಹಡಗು ಎಲ್ಲವನ್ನೂ ಕಟ್ಟಿದ್ದರು. ಅಲ್ಲಿಗೆ ಹೋಗಲು ಕಣ್ಣು ಬೇಡ, ದಾರಿ ಗೊತ್ತಿದ್ದರೆ ಸಾಕು.

1. ಅಕ್ಷರ ಎಲ್ಲಿದೆ, ಮೊದಲು ಪತ್ತೆ ಮಾಡಿ

ಹಳೆಯ ತಂತ್ರಾಂಶದಲ್ಲಿ ನಾಲ್ಕು ಜಾತಿ. ಅಕ್ಷರವನ್ನು ಅಕ್ಷರವಾಗಿಯೇ ಕನ್ಸೋಲ್ ಕಿಟಕಿಗೆ ಕಳಿಸುವುದು ಒಂದು. ವಿಂಡೋಸಿನದೇ ಮೆನು, ಬಟನ್, ಪಟ್ಟಿಗಳನ್ನು ಬಳಸುವುದು ಇನ್ನೊಂದು. ಅಕ್ಷರವನ್ನೂ ಚಿತ್ರದಂತೆ ಬಿಡಿಸಿಬಿಡುವುದು ಮೂರನೆಯದು. ಪರದೆಯ ಗೊಡವೆಯೇ ಇಲ್ಲದೆ ತಾನೇ ಮಾತಾಡುವ ಆಡಿಯೋ ಗೇಮು ನಾಲ್ಕನೆಯದು.

ನಿಮ್ಮ ಕೈಲಿರುವುದು ಯಾವುದೆಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಟ್ಯಾಬ್ ಒತ್ತಿ, ಆಲ್ಟ್ ಒತ್ತಿ, ಬಾಣದ ಕೀಲಿಗಳನ್ನು ಒತ್ತಿ. ಏನಾದರೂ ನುಡಿದರೆ ಸರಿ. ಇಲ್ಲವೇ, ಎನ್‌ವಿಡಿಎ ಕೀಲಿ (ಇನ್ಸರ್ಟ್) ಹಿಡಿದು ನಂಬರ್ ಪ್ಯಾಡಿನ 2, 4, 6, 8 ಒತ್ತುತ್ತಾ ಕಿಟಕಿಯೊಳಗಿನ ವಸ್ತುಗಳನ್ನು ತಡಕಿ. ಅಲ್ಲೂ ಬರೀ ಕಿಟಕಿಯ ಹೆಸರೇ ಬಂದರೆ ಅದು ಚಿತ್ರ. ಮುಂದಿನ ದಾರಿಯೆಲ್ಲ ಇದರ ಮೇಲೇ ನಿಂತಿದೆ. ಜಾತಿ ತಿಳಿಯದೆ ಸೆಟ್ಟಿಂಗ್ ತಿರುವುತ್ತಾ ಕೂತರೆ ಸಂಜೆಯೆಲ್ಲ ಹಾಳು.

2. ಪಠ್ಯ ಸಾಹಸಗಳಿಂದ ಶುರು ಮಾಡಿ

ವಿಲ್ ಕ್ರೌಥರ್ ಬರೆದು, 1977ರಲ್ಲಿ ಡಾನ್ ವುಡ್ಸ್ ಹಿಗ್ಗಿಸಿದ ‘ಕೊಲೊಸಲ್ ಕೇವ್ ಅಡ್ವೆಂಚರ್’ ಈ ವಂಶದ ಮೂಲಪುರುಷ. ಅದನ್ನು ಆಡಿ ಹುಚ್ಚು ಹಿಡಿಸಿಕೊಂಡ ಎಂಐಟಿಯ ಹುಡುಗರು ‘ಜೋರ್ಕ್’ ಬರೆದರು, ಆಮೇಲೆ ಇನ್ಫೋಕಾಮ್ ಕಂಪನಿ ಕಟ್ಟಿದರು. ಅವರ ಜಾಣತನ ನಮಗೆ ಇವತ್ತಿಗೂ ವರ. ಆ ಕಾಲದ ಮಾರುಕಟ್ಟೆಯಲ್ಲಿ ಒಂದಕ್ಕೊಂದು ಹೊಂದದ ಹತ್ತಾರು ಬಗೆಯ ಕಂಪ್ಯೂಟರುಗಳು. ಪ್ರತಿಯೊಂದಕ್ಕೂ ಗೇಮನ್ನು ಹೊಸದಾಗಿ ಬರೆಯುವ ಬದಲು ‘ಜೆಡ್-ಮಷೀನ್’ ಎಂಬ ಕಾಲ್ಪನಿಕ ಯಂತ್ರವೊಂದನ್ನು 1979ರಲ್ಲಿ ರೂಪಿಸಿ, ಗೇಮನ್ನು ಅದಕ್ಕಾಗಿ ಬರೆದರು. ಕಥೆಯ ಫೈಲು ಒಂದೇ, ಓಡಿಸುವ ತಂತ್ರಾಂಶ ಮಾತ್ರ ಬೇರೆ ಬೇರೆ. ಹಾಗಾಗಿ 1980ರ ‘ಜೋರ್ಕ್ 1’ ಓಡಿಸಲು ಹಳೆಯ ಕಂಪ್ಯೂಟರೂ ಬೇಡ, ಹಳೆಯ ವಿಂಡೋಸೂ ಬೇಡ. ಅದನ್ನು ಓಡಿಸುವ ಇವತ್ತಿನ ತಂತ್ರಾಂಶ ಫ್ರಾಟ್ಜ್ ಸಾಕು.

ಫ್ರಾಟ್ಜ್‌ನಲ್ಲೂ ‘ಡಂಬ್’ ರೂಪವನ್ನೇ ಆರಿಸಿಕೊಳ್ಳಿ, ಡಿ-ಫ್ರಾಟ್ಜ್ ಎನ್ನುತ್ತಾರೆ. ಅದು ಪರದೆಯನ್ನು ಭಾಗ ಮಾಡುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಸಾಲಿನ ಕೆಳಗೆ ಸಾಲು ಕಕ್ಕುತ್ತದೆ. ಸ್ಕ್ರೀನ್ ರೀಡರ್‌ಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಎಂಟರ್ ಒತ್ತಿದ ಮೇಲೆ ಉತ್ತರ ತಾನಾಗಿ ಕೇಳಿಸದಿದ್ದರೆ ಎನ್‌ವಿಡಿಎ ಕೀಲಿ ಜೊತೆ 5 ಒತ್ತಿ. ಬದಲಾಗುವ ಪಠ್ಯವನ್ನು ಓದುವ ಸೌಲಭ್ಯ ಅಲ್ಲಿ ಆನ್-ಆಫ್ ಆಗುತ್ತದೆ. ಕಿವಿ ತಪ್ಪಿದ ಸಾಲನ್ನು ನಂಬರ್ ಪ್ಯಾಡಿನ 7ರಿಂದ ಹಿಂದಕ್ಕೆ, 9ರಿಂದ ಮುಂದಕ್ಕೆ ಹೋಗಿ ಮತ್ತೆ ಕೇಳಬಹುದು.

ಗೇಮು ಶುರುವಾದೊಡನೆ ಮೊದಲು ‘ವರ್ಬೋಸ್’ ಎಂದು ಟೈಪ್ ಮಾಡಿ. ಇಲ್ಲದಿದ್ದರೆ ಒಮ್ಮೆ ಹೋಗಿ ಬಂದ ಕೋಣೆಗೆ ಮರಳಿದಾಗ ಬರೀ ಕೋಣೆಯ ಹೆಸರು ಹೇಳಿ ಮುಗಿಸುತ್ತದೆ. ಕಣ್ಣಿದ್ದವರು ಮೇಲಕ್ಕೆ ಸರಿಸಿ ಹಳೆಯ ವಿವರಣೆ ನೋಡಿಕೊಳ್ಳುತ್ತಾರೆ, ನಮಗೆ ಪ್ರತಿ ಸಲ ಪೂರ್ತಿ ಕೇಳಿಸಿಕೊಳ್ಳುವುದೇ ಅನುಕೂಲ. ಅಂಕ, ನಡೆಗಳ ಲೆಕ್ಕ ಮೇಲಿನ ಪಟ್ಟಿಯಲ್ಲಿ ಅಡಗಿರುತ್ತದೆ. ಅದನ್ನು ಹುಡುಕುವ ಬದಲು ‘ಸ್ಕೋರ್’ ಎಂದು ಕೇಳಿಬಿಡಿ.

ನಕ್ಷೆ ಬರೆಯುವುದು ಕಣ್ಣಿದ್ದವರದಷ್ಟೇ ಕೆಲಸವಲ್ಲ. ನೋಟ್‌ಪ್ಯಾಡಿನಲ್ಲಿ ಕೋಣೆಗೊಂದು ಸಾಲು: ಹೆಸರು, ಅಲ್ಲಿಂದ ಉತ್ತರಕ್ಕೆ ಏನು, ಪೂರ್ವಕ್ಕೆ ಏನು, ನೆಲದ ಮೇಲೆ ಏನು ಬಿದ್ದಿದೆ. ಕನ್ನಡದಲ್ಲೇ ಬರೆಯಿರಿ, ಗೇಮಿನ ಇಂಗ್ಲಿಷಿನ ಜೊತೆ ಕಲಸಿಹೋಗುವುದಿಲ್ಲ. ‘ಜೋರ್ಕ್’ನ ಚಕ್ರವ್ಯೂಹದಲ್ಲಿ ಎಲ್ಲ ಕೋಣೆಗಳ ವಿವರಣೆಯೂ ಒಂದೇ. ಅಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಾಮಾನು ಬಿಟ್ಟು ಗುರುತು ಮಾಡಿಕೊಳ್ಳಬೇಕು. ಈ ಉಪಾಯ ಎಲ್ಲ ಆಟಗಾರರಿಗೂ ಒಂದೇ, ಕಣ್ಣಿದ್ದವರಿಗೂ ಅಲ್ಲಿ ಕಣ್ಣು ಉಪಯೋಗಕ್ಕೆ ಬರುವುದಿಲ್ಲ.

3. ಡಬ್ಬಿಯಲ್ಲಿದ್ದ ಕಾಗದ ಮರೆಯಬೇಡಿ

ಇನ್ಫೋಕಾಮ್ ತನ್ನ ಗೇಮುಗಳ ಜೊತೆ ಪತ್ರ, ನಕ್ಷೆ, ಕೈಪಿಡಿ ಇಂಥ ಸಾಮಾನು ಇಡುತ್ತಿತ್ತು. ಅದು ಅಲಂಕಾರವಲ್ಲ. 1982ರ ‘ಸ್ಟಾರ್‌ಕ್ರಾಸ್’ನಲ್ಲಿ ಡಬ್ಬಿಯ ನಕ್ಷೆ ಇಲ್ಲದೆ ಹಡಗಿಗೆ ದಾರಿ ಹೇಳಲಾಗದು. ಕಳ್ಳ ಪ್ರತಿ ತಡೆಯುವ ಬೀಗವೂ ಹೌದು ಅದು. ಹಾಗಾಗಿ ಗೇಮಿನ ಫೈಲು ಸಿಕ್ಕಿತೆಂದು ಹಿಗ್ಗುವ ಮೊದಲು ಕೈಪಿಡಿಯ ಪಠ್ಯ ಸಿಗುತ್ತದೆಯೇ ನೋಡಿ. ಸ್ಕ್ಯಾನ್ ಮಾಡಿದ ಚಿತ್ರ ಮಾತ್ರ ಇದ್ದರೆ ಓಸಿಆರ್ ಮಾಡಿಸಿ ಪಠ್ಯವಾಗಿಸಿಕೊಳ್ಳಿ. ಅಂಗವಿಕಲರು ಓದಲು ಬೇಕಾದ ರೂಪಕ್ಕೆ ಕೃತಿಯನ್ನು ಪರಿವರ್ತಿಸಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯ ನಂತರ ಅವಕಾಶ ಕೊಟ್ಟಿದೆ.

4. ಡಾಸ್‌ಬಾಕ್ಸ್ ಎಂದರೆ ಡಾಸ್ ಅಲ್ಲ

ಹಳೆಯ ಡಾಸ್ ಗೇಮಿಗೆ ಏನು ಮಾಡಲಿ ಎಂದು ಯಾರನ್ನೇ ಕೇಳಿ, ‘ಡಾಸ್‌ಬಾಕ್ಸ್ ಹಾಕಿಕೊಳ್ಳಿ’ ಎನ್ನುತ್ತಾರೆ. ನಮ್ಮ ಮಟ್ಟಿಗೆ ಅದು ತಪ್ಪು ಸಲಹೆ. ಡಾಸ್‌ಬಾಕ್ಸ್ ಹಳೆಯ ಪರದೆಯನ್ನು ಪೂರ್ತಿ ಚಿತ್ರವಾಗಿ ಬಿಡಿಸುತ್ತದೆ, ಒಳಗೆ ಶುದ್ಧ ಪಠ್ಯದ ತಂತ್ರಾಂಶ ಓಡುತ್ತಿದ್ದರೂ ಸ್ಕ್ರೀನ್ ರೀಡರ್‌ಗೆ ಒಂದಕ್ಷರ ಸಿಗುವುದಿಲ್ಲ. ಬ್ರೌಸರಿನೊಳಗೇ ಡಾಸ್ ಗೇಮು ಆಡಿಸುವ ತಾಣಗಳದ್ದೂ ಇದೇ ಕಥೆ.

ಪಠ್ಯದ ಡಾಸ್ ತಂತ್ರಾಂಶ ಓದಿಸಬೇಕಾದರೆ ಎರಡು ದಾರಿ ಚೆನ್ನಾಗಿವೆ. ಮೊದಲನೆಯದು 32 ಬಿಟ್‌ನ ವಿಂಡೋಸ್. ಅದರಲ್ಲಿ 16 ಬಿಟ್ ತಂತ್ರಾಂಶ ಓಡಿಸುವ ಎನ್‌ಟಿವಿಡಿಎಂ ಎಂಬ ಭಾಗವಿದೆ. ಡಾಸ್ ತಂತ್ರಾಂಶ ಸಾಮಾನ್ಯ ಕಮ್ಯಾಂಡ್ ಕಿಟಕಿಯಲ್ಲೇ ತೆರೆಯುತ್ತದೆ, ಆ ವಿಂಡೋಸಿನಲ್ಲಿ ಓಡುವ ಎನ್‌ವಿಡಿಎ ಓದುತ್ತದೆ. 64 ಬಿಟ್ ವಿಂಡೋಸಿನಲ್ಲಿ ಈ ಭಾಗವೇ ಇಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಎರಡನೆಯದು ಲಿನಕ್ಸ್. ಅಲ್ಲಿ ಡಾಸೆಮು ಎಂಬ ತಂತ್ರಾಂಶವನ್ನು ಟರ್ಮಿನಲ್ ಮೋಡಿನಲ್ಲಿ ತೆರೆದರೆ ಡಾಸ್ ಪರದೆ ನಿಜವಾದ ಅಕ್ಷರಗಳಾಗಿ ಟರ್ಮಿನಲ್ಲಿಗೆ ಬರುತ್ತದೆ. ಡೆಕ್‌ಟಾಕ್‌ನಂಥ ಹಳೆಯ ಸಿಂಥಸೈಜರ್ ಅಟ್ಟದ ಮೇಲೆ ಉಳಿಸಿಕೊಂಡವರಿಗೆ ಮಾತ್ರ ಡಾಸ್‌ಬಾಕ್ಸೂ ಒದಗೀತು: ಸೀರಿಯಲ್ ಪೋರ್ಟನ್ನು ಅದರೊಳಕ್ಕೆ ಜೋಡಿಸಿ, ಆ ಕಾಲದ ಡಾಸ್ ಸ್ಕ್ರೀನ್ ರೀಡರನ್ನೇ ಒಳಗೆ ಓಡಿಸಬಹುದು.

ಈ ಶ್ರಮಕ್ಕೆ ಬೆಲೆ ಇದೆಯೇ? ವರ್ಡ್‌ಪರ್ಫೆಕ್ಟ್ 5.1 ಬಳಸಿದ ಅಂಧರನ್ನು ಕೇಳಿ. ಆಲ್ಟ್ ಎಫ್3 ಒತ್ತಿದರೆ ದಪ್ಪಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದೆಲ್ಲ ಪಠ್ಯವಾಗಿ ಎದುರಿಗೆ ಬರುತ್ತಿತ್ತು. ಇವತ್ತಿನ ವರ್ಡಿನಲ್ಲಿ ಅಷ್ಟು ನೇರವಾಗಿ ಫಾರ್ಮ್ಯಾಟಿಂಗ್ ಕೇಳಿಸಿಕೊಳ್ಳಲು ಆಗುವುದಿಲ್ಲ.

5. ಆಡಿಯೋ ಗೇಮು ತೆರೆಯದಿದ್ದರೆ ಕಾಣೆಯಾದ ಡಿಎಲ್‌ಎಲ್ ಹುಡುಕಿ

2000ದ ಆಚೀಚೆ ಅಂಧರಿಗಾಗಿಯೇ ಬರೆದ ಗೇಮುಗಳ ಸುಗ್ಗಿ ಬಂತು. ಜಿಎಂಎ ಗೇಮ್ಸ್‌ನ ‘ಶೇಡ್ಸ್ ಆಫ್ ಡೂಮ್’ 2001ರದು. ಈ ಪೀಳಿಗೆಯ ಬಹಳಷ್ಟು ಗೇಮುಗಳನ್ನು ಒಬ್ಬಿಬ್ಬರು ಕೂತು ವಿಷುಯಲ್ ಬೇಸಿಕ್ 6ರಲ್ಲಿ ಬರೆದದ್ದು. ಇವು ಇವತ್ತು ತೆರೆಯದಿದ್ದರೆ ಕಾರಣ ಬಹುತೇಕ ಒಂದೇ: ಶಬ್ದಕ್ಕೆ ಬೇಕಾದ ‘ಡಿಎಕ್ಸ್8ವಿಬಿ’ ಅಥವಾ ‘ಡಿಎಕ್ಸ್7ವಿಬಿ’ ಎಂಬ ಡಿಎಲ್‌ಎಲ್ ಫೈಲು ಹೊಸ ವಿಂಡೋಸಿನ ಜೊತೆ ಬರುವುದಿಲ್ಲ. ಆ ಫೈಲನ್ನು ಹಾಕಿ ನೋಂದಾಯಿಸಬೇಕು. 64 ಬಿಟ್ ಯಂತ್ರದಲ್ಲಿ 32 ಬಿಟ್ ಫೈಲುಗಳ ಜಾಗ ‘ಸಿಸ್‌ವಾವ್64’ ಫೋಲ್ಡರು. ಹೆಸರು ನೋಡಿದರೆ ತಿರುಗುಮುರುಗು ಅನ್ನಿಸುತ್ತದೆ, ಆದರೆ ಅದೇ ಸರಿ. ಅಲ್ಲಿರುವ ರೆಗ್‌ಎಸ್‌ವಿಆರ್32 ಅನ್ನೇ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ನೋಂದಾಯಿಸಿ.

ಶಬ್ದ ಬಂದು ಮಾತು ಬಾರದಿದ್ದರೆ ಗೇಮು ಸ್ಯಾಪಿ 4 ಎಂಬ ವಿಂಡೋಸಿನ ಹಳೆಯ ಮಾತಿನ ವ್ಯವಸ್ಥೆಯನ್ನು ಕೇಳುತ್ತಿರಬಹುದು. ಈಗಿನ ವಿಂಡೋಸಿನಲ್ಲಿರುವುದು ಸ್ಯಾಪಿ 5. ಹಳೆಯದನ್ನು ಬೇರೆಯಾಗಿಯೇ ಹಾಕಬೇಕು. ಗೇಮು 32 ಬಿಟ್‌ನದಾಗಿದ್ದು ಅದರ ಇನ್‌ಸ್ಟಾಲರ್ ಮಾತ್ರ 16 ಬಿಟ್ ಇರುವ ಕಿತಾಪತಿಯೂ ಉಂಟು. ಆಗ ಹಳೆಯ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ ಇಡೀ ಫೋಲ್ಡರನ್ನು ನಕಲು ಮಾಡಿ ತಂದು ನೋಡಿ.

6. ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಕಬೇಡಿ

ಹಳೆಯ ಗೇಮುಗಳು ಉಳಿಸಿದ ಆಟದ ಫೈಲುಗಳನ್ನು ತಮ್ಮ ಫೋಲ್ಡರಿನಲ್ಲೇ ಬರೆಯುತ್ತವೆ. ಹೊಸ ವಿಂಡೋಸ್ ಅಲ್ಲಿ ಬರೆಯಲು ಬಿಡುವುದಿಲ್ಲ, ಇಲ್ಲವೇ ಗುಟ್ಟಾಗಿ ಇನ್ನೆಲ್ಲೋ ಬರೆಸುತ್ತದೆ. ಸಿ ಡ್ರೈವಿನಲ್ಲೇ ‘ಗೇಮ್ಸ್’ ಎಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಲೇಬೇಕಾದರೆ ಒಂದು ಎಚ್ಚರ: ಪೆನ್‌ಡ್ರೈವಿನ ಪೋರ್ಟಬಲ್ ಎನ್‌ವಿಡಿಎ ಅಂಥ ಕಿಟಕಿಯ ಎದುರು ಮೂಕವಾಗುತ್ತದೆ. ಇನ್‌ಸ್ಟಾಲ್ ಮಾಡಿದ ಎನ್‌ವಿಡಿಎ ಬೇಕು.

7. ಕೀಲಿ ಯಾರದೆಂದು ಇತ್ಯರ್ಥ ಮಾಡಿ

ಗೇಮಿಗೂ ನಂಬರ್ ಪ್ಯಾಡ್ ಬೇಕು, ಎನ್‌ವಿಡಿಎಗೂ ಬೇಕು. ಇಬ್ಬರ ಜಗಳದಲ್ಲಿ ಸಾಯುವುದು ನಿಮ್ಮ ಪಾತ್ರ. ಎನ್‌ವಿಡಿಎಯನ್ನು ಲ್ಯಾಪ್‌ಟಾಪ್ ವಿನ್ಯಾಸಕ್ಕೆ ಬದಲಿಸಿ, ಕ್ಯಾಪ್ಸ್ ಲಾಕನ್ನು ಎನ್‌ವಿಡಿಎ ಕೀಲಿ ಮಾಡಿಕೊಳ್ಳಿ, ನಂಬರ್ ಪ್ಯಾಡ್ ಗೇಮಿಗೆ ಬಿಡುಗಡೆ. ಒಂದೇ ಒಂದು ಕೀಲಿಯನ್ನು ಗೇಮಿಗೆ ದಾಟಿಸಬೇಕಾದರೆ ಎನ್‌ವಿಡಿಎ ಕೀಲಿ ಜೊತೆ ಎಫ್2, ಆಮೇಲೆ ಆ ಕೀಲಿ. ತಾನೇ ಮಾತಾಡುವ ಗೇಮಿನಲ್ಲಿ ಸ್ಲೀಪ್ ಮೋಡ್ ಹಾಕಿ (ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಎನ್‌ವಿಡಿಎ ಕೀಲಿ, ಶಿಫ್ಟ್, ಎಸ್). ಆ ಒಂದು ತಂತ್ರಾಂಶದಲ್ಲಿ ಮಾತ್ರ ಅದು ಮಲಗುತ್ತದೆ, ಆಲ್ಟ್ ಟ್ಯಾಬ್ ಮಾಡಿ ಹೊರಬಂದರೆ ಎದ್ದಿರುತ್ತದೆ.

ಒಂದೊಂದು ಗೇಮಿಗೂ ಒಂದೊಂದು ಕಾನ್ಫಿಗರೇಶನ್ ಪ್ರೊಫೈಲ್ ಮಾಡಿಡುವುದು ಇನ್ನೂ ಚೆಂದ. ‘ಜೋರ್ಕ್’ಗೆ ಇಂಗ್ಲಿಷ್ ದನಿ, ವಿರಾಮಚಿಹ್ನೆ ಕಡಿಮೆ, ನೆಟ್‌ಹ್ಯಾಕಿಗೆ (ಮುಂದಿನ ಸೂತ್ರ ನೋಡಿ) ಚಿಹ್ನೆಗಳೆಲ್ಲ ಬೇಕು, ಟಿಪ್ಪಣಿ ಬರೆಯುವ ನೋಟ್‌ಪ್ಯಾಡಿಗೆ ಇ-ಸ್ಪೀಕಿನ ಕನ್ನಡ ದನಿ. ಕಿಟಕಿ ಬದಲಾದೊಡನೆ ದನಿಯೂ ತಾನೇ ಬದಲಾಗುತ್ತದೆ.

8. ನೆಟ್‌ಹ್ಯಾಕಿಗೆ ಹೆದರಬೇಡಿ

1987ರಿಂದ ಬೆಳೆಯುತ್ತಲೇ ಇರುವ ಈ ಗೇಮಿನ ಪರದೆ ತುಂಬ ಚಿಹ್ನೆಗಳ ನಕ್ಷೆ. ನೀವು @, ನಾಯಿ ಎಂದರೆ ಇಂಗ್ಲಿಷಿನ ಸಣ್ಣ ಡಿ, ಇಳಿಯುವ ಮೆಟ್ಟಿಲು >. ಸಾಲುಸಾಲಾಗಿ ಓದಿಸಿದರೆ ಚುಕ್ಕಿ, ಅಡ್ಡಗೆರೆ, ಚುಕ್ಕಿ ಎಂಬ ಗೋಳು. ಆದರೆ ಇದರ ಕೈಪಿಡಿಯಲ್ಲಿ ಅಂಧ ಆಟಗಾರರಿಗೆಂದೇ ಒಂದು ಭಾಗವಿದೆ. ದುಡ್ಡಿಲ್ಲದೆ ಬರೆಯುವವರಿಗೆ ಹೊಳೆದದ್ದು ಎಷ್ಟೋ ದೊಡ್ಡ ಕಂಪನಿಗಳಿಗೆ ಹೊಳೆದಿರಲಿಲ್ಲ.

ಸೆಟ್ಟಿಂಗ್ ಫೈಲಿನಲ್ಲಿ ‘ಆಟೋಡಿಸ್ಕ್ರೈಬ್’, ‘ಮೆನ್ಶನ್ ವಾಲ್ಸ್’ ಎರಡನ್ನೂ ಆನ್ ಮಾಡಿ, ದಿಕ್ಕು ಹೇಳುವ ಆಯ್ಕೆಯನ್ನು ‘ಫುಲ್ ಕಂಪಾಸ್’ಗೆ ಇಡಿ. ಈಗ ; (ಅರ್ಧವಿರಾಮ) ಒತ್ತಿ, ಆಮೇಲೆ ಎಂ ಒತ್ತಿ. ಕರ್ಸರ್ ಹತ್ತಿರದ ಪ್ರಾಣಿಯ ಮೇಲೆ ಹಾರುತ್ತದೆ. ಅದು ನರಿಯೋ, ನಿಮ್ಮ ನಾಯಿಯೋ, ನಿಮ್ಮಿಂದ ಉತ್ತರಕ್ಕೆ ಎಷ್ಟು, ಪಶ್ಚಿಮಕ್ಕೆ ಎಷ್ಟು ಹೆಜ್ಜೆ ಎಂದು ಮೇಲಿನ ಸಾಲಿನಲ್ಲಿ ಪಠ್ಯ ಬರುತ್ತದೆ. ಇನ್ನೊಮ್ಮೆ ಎಂ ಒತ್ತಿದರೆ ಮುಂದಿನ ಪ್ರಾಣಿ. ಓ ಒತ್ತಿದರೆ ಬಿದ್ದಿರುವ ಸಾಮಾನು, ಡಿ ಒತ್ತಿದರೆ ಬಾಗಿಲು. ಮೆಟ್ಟಿಲು ಹುಡುಕಿ ಸುಸ್ತಾಗಬೇಡಿ: _ ಒತ್ತಿ, > ಒತ್ತಿ, ಚುಕ್ಕಿ ಒತ್ತಿ. ಮೆಟ್ಟಿಲನ್ನು ಅದಾಗಲೇ ಕಂಡಿದ್ದರೆ ನಡೆದು ಹೋಗಿ ಅದರ ಮೇಲೆ ನಿಲ್ಲುತ್ತೀರಿ. ನಕ್ಷೆಯನ್ನು ಓದುವ ಗೇಮು ಹೋಗಿ ನಕ್ಷೆಯನ್ನು ಪ್ರಶ್ನೆ ಕೇಳುವ ಗೇಮಾಯಿತು. ಒಂದು ನಡೆ ಮುಗಿಯುವ ತನಕ ಲೋಕ ಕಾಯುತ್ತದೆ, ಆದ್ದರಿಂದ ಎಷ್ಟು ಹೊತ್ತು ಬೇಕಾದರೂ ಕೇಳುತ್ತಿರಿ.

9. ಓಸಿಆರ್ ಕೊನೆಯ ಅಸ್ತ್ರ

ಅಕ್ಷರವೇ ಚಿತ್ರವಾಗಿರುವ ಗೇಮಿನಲ್ಲಿ ಎನ್‌ವಿಡಿಎ ಕೀಲಿ ಜೊತೆ ಆರ್ ಒತ್ತಿ. ವಿಂಡೋಸ್ 10, 11ರ ಓಸಿಆರ್ ಪರದೆಯನ್ನು ಓದಿ ಪುಟದಂತೆ ಮುಂದಿಡುತ್ತದೆ. ಬಾಣದಿಂದ ಸಾಲುಸಾಲು ಕೇಳಿ, ಬೇಕಾದ ಪದದ ಮೇಲೆ ಎಂಟರ್ ಒತ್ತಿದರೆ ಅಲ್ಲಿ ಕ್ಲಿಕ್ ಆಗುತ್ತದೆ. ಎಷ್ಟೋ ಹಳೆಯ ಗೇಮುಗಳ ಮೊದಲ ಮೆನು ದಾಟಲು ಇಷ್ಟೇ ಸಾಕು, ಒಳಗೆ ಹೋದ ಮೇಲೆ ಶಬ್ದವೇ ದಾರಿ ತೋರುತ್ತದೆ.

ಓಸಿಆರ್ ಏನೂ ಹೇಳದಿದ್ದರೆ ಸ್ಕ್ರೀನ್ ಕರ್ಟನ್ ಆನ್ ಇದೆಯೇ ನೋಡಿ. ಪರದೆ ಕಪ್ಪಾಗಿದ್ದರೆ ಓಸಿಆರ್‌ಗೂ ಕತ್ತಲೆಯೇ. ಪೂರ್ಣ ಪರದೆಯ ಗೇಮನ್ನು ಆಲ್ಟ್ ಎಂಟರ್ ಒತ್ತಿ ಕಿಟಕಿಗೆ ಇಳಿಸಿ, ಸಾಧ್ಯವಾದರೆ ಕಿಟಕಿಯನ್ನು ಎರಡು ಪಟ್ಟು ಹಿಗ್ಗಿಸಿ. ಹಳೆಯ ಗೇಮುಗಳ ಚಿಕ್ಕ ಚುಕ್ಕಿ ಅಕ್ಷರ ಓಸಿಆರ್‌ಗೆ ಕಷ್ಟ. ವಿಂಡೋಸಿನ ಓಸಿಆರ್‌ಗೆ ಕನ್ನಡ ಬಾರದು, ಕನ್ನಡಕ್ಕೆ ಟೆಸರ್ಯಾಕ್ಟ್ ಬೇಕು.

ಗೇಮಿನ ಒಳಗಿಂದಲೇ ಮಾತಾಡಿಸುವ ದಾರಿಗಳೂ ಇವೆ. ಹಳೆಯ ಸಾಹಸ ಗೇಮುಗಳನ್ನು ಓಡಿಸುವ ಸ್ಕಮ್‌ವಿಎಂನಲ್ಲಿ ಮಾತಿನ ಸೌಲಭ್ಯವಿದೆ, ಎಲ್ಲ ಗೇಮುಗಳಿಗೂ ಇಲ್ಲ. ಎಮ್ಯುಲೇಟರುಗಳನ್ನು ಓಡಿಸುವ ರೆಟ್ರೋಆರ್ಕ್ ತನ್ನ ಮೆನುಗಳನ್ನು ಓದಿ ಹೇಳಬಲ್ಲದು. ಗೇಮ್ ಬಾಯ್ ಕಲರ್‌ನ ‘ಪೋಕೆಮಾನ್ ಕ್ರಿಸ್ಟಲ್’ಗೆ ಅಂಧ ಪ್ರೋಗ್ರಾಮರುಗಳೇ ಲುವಾ ಸ್ಕ್ರಿಪ್ಟ್ ಬರೆದಿದ್ದಾರೆ. ಅದು ಪರದೆಯ ಸಹವಾಸಕ್ಕೇ ಹೋಗದೆ ಎಮ್ಯುಲೇಟರಿನ ಮೆಮರಿಯಿಂದ ಮಾತನ್ನೂ ನಕ್ಷೆಯನ್ನೂ ಎತ್ತಿ ಸ್ಕ್ರೀನ್ ರೀಡರ್‌ಗೆ ಕೊಡುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸೊಗಸಾದ ಕೆಲಸ ಅದೇ.

10. ಗೇಮಿನ ದನಿ ತಗ್ಗಿಸುವ ಸೌಲಭ್ಯ ತೆಗೆಯಿರಿ

ಎನ್‌ವಿಡಿಎ ಮಾತಾಡುವಾಗ ಉಳಿದ ಶಬ್ದ ತಗ್ಗಿಸುವ ‘ಆಡಿಯೋ ಡಕಿಂಗ್’ ಹಾಡು ಕೇಳುವಾಗ ಒಳ್ಳೆಯದು. ಗೇಮಿನಲ್ಲಿ ಅದು ಶತ್ರುವಿನ ಹೆಜ್ಜೆಯನ್ನೂ ತಗ್ಗಿಸುತ್ತದೆ. ಎನ್‌ವಿಡಿಎ ಕೀಲಿ, ಶಿಫ್ಟ್, ಡಿ ಒತ್ತಿ ತೆಗೆದುಬಿಡಿ. ಹೆಡ್‌ಫೋನ್ ವೈರಿನದೇ ಇರಲಿ, ಬ್ಲೂಟೂತಿನ ತಡ ಸಹಿಸಲು ಅಸಾಧ್ಯ. ಎಡ-ಬಲ ಅದಲುಬದಲಾಗಿಲ್ಲ ತಾನೇ ಎಂದೂ ನೋಡಿಕೊಳ್ಳಿ.

11. ಹಳೆಯ ವಿಂಡೋಸ್ ಬೇಕೇ ಬೇಕಾದರೆ ಪೆಟ್ಟಿಗೆಯೊಳಗೆ ಇಡಿ

ವರ್ಚುವಲ್‌ಬಾಕ್ಸ್ ಎಂಬ ಕಾಲ್ಪನಿಕ ಕಂಪ್ಯೂಟರಿನೊಳಗೆ ವಿಂಡೋಸ್ ಎಕ್ಸ್‌ಪಿ ಹಾಕಬಹುದು. ಎಕ್ಸ್‌ಪಿ, ವಿಸ್ಟಾಗಳಲ್ಲಿ ಓಡುವ ಕೊನೆಯ ಎನ್‌ವಿಡಿಎ 2017.3, ವಿಂಡೋಸ್ 7ರಲ್ಲಿ ಓಡುವ ಕೊನೆಯದು 2023.3.4. ಎಕ್ಸ್‌ಪಿ ಇನ್‌ಸ್ಟಾಲ್ ಆಗುವಾಗ ಮಾತಾಡುವುದಿಲ್ಲ. ಉತ್ತರಗಳನ್ನು ಮೊದಲೇ ಬರೆದಿಡುವ ಅನ್‌ಅಟೆಂಡೆಡ್ ಫೈಲು ಕೊಡಿ, ಇಲ್ಲವೇ ಕಣ್ಣಿರುವ ಗೆಳೆಯರನ್ನು ಕೂರಿಸಿಕೊಳ್ಳಿ. ಹೊರಗಿನ ಎನ್‌ವಿಡಿಎಗೆ ಆ ಕಿಟಕಿಯಲ್ಲಿ ಸ್ಲೀಪ್ ಮೋಡ್ ಹಾಕದಿದ್ದರೆ ಎರಡು ದನಿಗಳು ಒಟ್ಟಿಗೆ ಮಾತಾಡಿ ತಲೆ ಕೆಡಿಸುತ್ತವೆ. ಎಲ್ಲ ಸರಿಹೋದ ಕ್ಷಣವೇ ಸ್ನ್ಯಾಪ್‌ಶಾಟ್ ತೆಗೆದಿಡಿ. ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ, ಅದಕ್ಕೆ ಸುರಕ್ಷತೆಯ ಅಪ್‌ಡೇಟು ನಿಂತು ವರ್ಷಗಳೇ ಆದವು.

12. ಮಡ್‌ಗಳಲ್ಲಿ ಸೆಟ್ಟಿಂಗ್ ಕೇಳಿ ಪಡೆಯಿರಿ

ಹಲವರು ಒಟ್ಟಿಗೆ ಆಡುವ ಪಠ್ಯದ ಗೇಮು ಮಡ್. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 1990ರ ದಶಕದ ‘ಆಲ್ಟರ್ ಈಯಾನ್’, ‘ಅಕೀಯಾ’ ಇಂದಿಗೂ ನಡೆಯುತ್ತಿವೆ, ಅಂಧರೂ ಆಡುತ್ತಾರೆ. ‘ಅಕೀಯಾ’ದಲ್ಲಿ ‘ಕಾನ್ಫಿಗ್ ಸ್ಕ್ರೀನ್‌ರೀಡರ್ ಆನ್’ ಎಂಬ ಆಜ್ಞೆಯೇ ಇದೆ. ವಿಐಪಿ ಮಡ್, ಮಶ್‌ಕ್ಲೈಂಟ್, ಮಡ್‌ಲೆಟ್ ಇವುಗಳಲ್ಲಿ ಒಂದನ್ನು ಹಾಕಿಕೊಂಡು, ಬೇಡದ ಸಾಲುಗಳನ್ನು ಅಡಗಿಸುವ ಟ್ರಿಗರ್ ಬರೆಯಿರಿ. ಇಲ್ಲದಿದ್ದರೆ ಕಾಳಗದ ನಡುವೆ ಸಾಲುಗಳ ಪ್ರವಾಹದಲ್ಲಿ ನಿಮಗೆ ಬಿದ್ದ ಪೆಟ್ಟೇ ಕೇಳಿಸುವುದಿಲ್ಲ.

13. ಹಳೆಯ ಕನ್ನಡ ಫೈಲು ಓದಿಸುವ ಮೊದಲು ಪರಿವರ್ತಿಸಿ

ಗೇಮು ಬಿಡಿ, ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ ತೆರೆದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಅಕ್ಷರಗಳ ಚಿಂದಿ ಓದುತ್ತದೆ. ಫೈಲಿನಲ್ಲಿರುವುದು ನಿಜಕ್ಕೂ ಅದೇ, ಕನ್ನಡದ ಆಕಾರ ಬರೀ ಫಾಂಟಿನ ವೇಷ. ದನಿ ಬದಲಿಸಿ ಪ್ರಯೋಜನವಿಲ್ಲ. ಯುನಿಕೋಡಿಗೆ ಪರಿವರ್ತಿಸಬೇಕು.

ಇಡೀ ಪುಸ್ತಕ ಸುರಿಯುವ ಮೊದಲು ಒಂದು ಪ್ಯಾರಾ ಹಾಕಿ ಕೇಳಿ. ‘ವರ್ಷ’, ‘ಕಾರ್ಯ’, ‘ಕರ್ನಾಟಕ’ ಇಂಥ ಪದಗಳಿಗೆ ಕಿವಿಗೊಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂತಿರುತ್ತದೆ, ಯುನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ಪರಿವರ್ತಕ ಸೋಲುವುದು ಮೊದಲು ಅಲ್ಲೇ. ಎರಡೆರಡು ಒತ್ತಕ್ಷರ ಇರುವ ‘ರಾಷ್ಟ್ರ’ದಂಥವು ಆಮೇಲೆ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಕಸವಾಗಿ ಬದಲಾಗಿರುತ್ತವೆ. ಮೂಲ ಫೈಲನ್ನು ಅಳಿಸಬೇಡಿ, ನಾಳೆ ಇನ್ನೊಂದು ಪರಿವರ್ತಕ ಇದಕ್ಕಿಂತ ಚೆನ್ನಾಗಿ ಮಾಡೀತು.

14. ಆಗದಿದ್ದರೆ ಅದರ ಸೋದರಸಂಬಂಧಿ ಹುಡುಕಿ

ಎಕ್ಸ್‌ಪಿ ಕಾಲದ ಸಾಲಿಟೇರ್ ಇಸ್ಪೀಟೆಲೆಗಳನ್ನು ಚಿತ್ರವಾಗಿ ಬಿಡಿಸುತ್ತದೆ, ಅದರ ಜೊತೆ ಗುದ್ದಾಡಬೇಡಿ. ಇಸ್ಪೀಟಿಗೆ ಕ್ವೆಂಟಿನ್ ಸಿ ಪ್ಲೇರೂಮ್ ಇದೆ. ಚೆಸ್ಸಿಗೆ ವಿನ್‌ಬೋರ್ಡಿನ ಜಾಸ್ (ಇನ್ನೊಂದು ಸ್ಕ್ರೀನ್ ರೀಡರ್) ಆವೃತ್ತಿ. 1993ರ ‘ಡೂಮ್’ನ ಮೂಲ ರೂಪ ನಮಗೆ ಎಟುಕದು, ಆದರೆ ಜಿಜೆಡ್‌ಡೂಮ್ ಎಂಜಿನ್ನಿಗೆ ಟೋಬಿ ಅಕ್ಸೆಸಿಬಿಲಿಟಿ ಮಾಡ್ ಹಾಕಿದರೆ ಶಬ್ದದ ಜಾಡಿನಲ್ಲಿ ಆಡಬಹುದು. 1996ರ ‘ಕ್ವೇಕ್’ಗೆ ಆಡಿಯೋಕ್ವೇಕ್ ಇದೆ. ಯಾವ ಗೇಮಿಗೆ ಯಾವ ಆವೃತ್ತಿ, ಯಾವ ಡಿಎಲ್‌ಎಲ್, ಯಾವ ಸೆಟ್ಟಿಂಗ್ ಹಾಕಿದಿರಿ ಎಂದು ಅದೇ ಫೋಲ್ಡರಿನಲ್ಲಿ ಒಂದು ಪಠ್ಯದ ಫೈಲಿನಲ್ಲಿ ಬರೆದಿಡಿ, ಕಂಪ್ಯೂಟರ್ ಬದಲಿಸಿದ ದಿನ ಮೊದಲು ಬೇಕಾಗುವುದು ಆ ಫೈಲು.